ಕುಸನಾಗಿಯನ್ನು ಮೊದಲು ಎಲ್ಲಿ ಕಾಣಬೇಕು?

ಜಪಾನಿನ ಅನಿಮೆ ನೋಡುವ ರುಚಿ ಹತ್ತಿಸಿಕೊಂಡವರು ಒಂದಲ್ಲ ಒಂದು ದಿನ ‘ಘೋಸ್ಟ್ ಇನ್ ದಿ ಶೆಲ್’ ಮುಂದೆ ಬಂದು ನಿಲ್ಲುತ್ತಾರೆ. ನಿಂತವರೆಲ್ಲ ಕೇಳುವುದು ಒಂದೇ ಮಾತು: ಇದನ್ನು ಎಲ್ಲಿಂದ ಶುರುಮಾಡಬೇಕು? ಹಾಗೆ ಕೇಳುವುದು ಸಹಜವೇ. ಮಸಮುನೆ ಶಿರೊ ಬರೆದು ಚಿತ್ರಿಸಿದ ಮಾಂಗಾ 1989ರಲ್ಲಿ ಪತ್ರಿಕೆಯಲ್ಲಿ ಬರತೊಡಗಿ 1991ರಲ್ಲಿ ಪುಸ್ತಕವಾಯಿತು. 1995ರಲ್ಲಿ ಮಮೊರು ಒಶೀ ಅದನ್ನು ಸಿನಿಮಾ ಮಾಡಿದರು. 2002ರಲ್ಲಿ ಕೆಂಜಿ ಕಮಿಯಾಮ ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಎಂಬ ಟಿ.ವಿ. ಸರಣಿ ಆರಂಭಿಸಿದರು. 2004ರಲ್ಲಿ ಒಶೀ ಅವರದೇ ‘ಇನೊಸೆನ್ಸ್’ ಬಂತು, 2013ರಿಂದ ‘ಅರೈಸ್’ ಬಂತು, 2017ರಲ್ಲಿ ಸ್ಕಾರ್ಲೆಟ್ ಜೊಹಾನ್ಸನ್ ನಟಿಸಿದ ಹಾಲಿವುಡ್ ಚಿತ್ರ, 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಎಸ್‌ಎಸಿ 2045’. ನಡುನಡುವೆ ಬಂದ ಸಂಕಲನ ಚಿತ್ರಗಳು, ಮರುರೂಪಗಳು ಬೇರೆ. ಬಹುತೇಕ ಎಲ್ಲದರ ಕೇಂದ್ರದಲ್ಲೂ ‘ಮೇಜರ್’ ಎಂದು ಕರೆಸಿಕೊಳ್ಳುವ ಅದೇ ಹೆಣ್ಣು, ಮೊಟೊಕೊ ಕುಸನಾಗಿ. ಬಂದ ವರ್ಷದ ಪ್ರಕಾರ ನೋಡುತ್ತ ಹೋದರೆ, 1995ರ ಸಿನಿಮಾದ ಕೊನೆಗೆ ಹಳೆಯ ಬದುಕನ್ನೇ ಕಳಚಿಟ್ಟು ನಡೆದವಳು 2002ರ ಸರಣಿಯಲ್ಲಿ ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹಾಜರಿರುತ್ತಾಳೆ. ಕಥೆಯೊಳಗಿನ ಇಸವಿ ಹಿಡಿದು ಹೊರಟರೆ ಗೋಜಲು ಇನ್ನೂ ಹೆಚ್ಚು. ಸಿನಿಮಾ ನಡೆಯುವುದು 2029ರಲ್ಲಿ, ಟಿ.ವಿ. ಸರಣಿ ಶುರುವಾಗುವುದು 2030ರಲ್ಲಿ. ಒಂದರ ಬೆನ್ನಿಗೆ ಇನ್ನೊಂದು ಎಂದು ಯಾರಿಗಾದರೂ ಅನಿಸಬೇಕು. ಆದರೆ ಎರಡಕ್ಕೂ ಕಥೆಯ ನಂಟೇ ಇಲ್ಲ.

ಹಾಗಾಗಿ ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸುವ ಆಸೆಯನ್ನು ಮೊದಲೇ ಬಿಟ್ಟುಬಿಡಬೇಕು ಎಂಬುದು ನನ್ನ ವಾದ. ಯಕ್ಷಗಾನದ ‘ಕರ್ಣಪರ್ವ’ ಆಟ ನೋಡಲು ಹೋದವರು ಕಳೆದ ವಾರ ಬೇರೆ ಮೇಳದಲ್ಲಿ ಸತ್ತ ಕರ್ಣ ಇವತ್ತು ಹೇಗೆ ಎದ್ದು ಬಂದ ಎಂದು ಕೇಳುವುದಿಲ್ಲ. ಇವತ್ತಿನ ಕಲಾವಿದ ಕರ್ಣನನ್ನು ಯಾವ ಬಗೆಯಲ್ಲಿ ಕಟ್ಟುತ್ತಾನೆ, ಅವನ ಬಾಯಲ್ಲಿ ಯಾವ ವಾದ ಇಡುತ್ತಾನೆ ಎಂದು ಕಿವಿಗೊಡುತ್ತಾರೆ. ‘ಘೋಸ್ಟ್ ಇನ್ ದಿ ಶೆಲ್’ ಕೂಡ ಹಾಗೆ ನೋಡಬೇಕಾದದ್ದು. ಇಲ್ಲಿ ಒಂದು ಪ್ರಶ್ನೆ ಇದೆ, ಆ ಪ್ರಶ್ನೆಯನ್ನು ಒಬ್ಬೊಬ್ಬ ನಿರ್ದೇಶಕರು ಒಂದೊಂದು ಕಡೆಯಿಂದ ಎತ್ತಿಕೊಂಡಿದ್ದಾರೆ. ಆ ಪ್ರಶ್ನೆ ಎಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೋ ಅಲ್ಲಿಂದ ಶುರುಮಾಡಿ, ಅದು ಎಲ್ಲಿ ಹೊಸ ತಿರುವು ಪಡೆಯುತ್ತದೋ ಅಲ್ಲಿಗೆ ಹೋಗಬೇಕು. ಅದು ಸವಕಲಾಗಿರುವ ಕಡೆ ನಿಲ್ಲಬೇಕಾದ ಹಂಗಿಲ್ಲ.

ಪ್ರಶ್ನೆ ಹೆಸರಿನಲ್ಲೇ ಇದೆ. ಜಪಾನೀ ಭಾಷೆಯಲ್ಲಿ ಇದರ ಹೆಸರು ‘ಕೋಕಾಕು ಕಿದೋತಾಯ್’. ಆಕ್ರಮಣ, ಚಿಪ್ಪು, ಸಂಚಾರಿ ಪಡೆ ಎಂಬ ಅರ್ಥಗಳು ಸೇರಿದ, ಪೊಲೀಸ್ ತುಕಡಿಯ ಹೆಸರಿನಂತೆ ಕೇಳಿಸುವ ಮಾತು. ಇಂಗ್ಲಿಷ್ ಹೆಸರು ಆರ್ಥರ್ ಕೋಸ್ಲರ್ ಅವರ 1967ರ ‘ದಿ ಘೋಸ್ಟ್ ಇನ್ ದಿ ಮಷಿನ್’ ಪುಸ್ತಕದ ನೆನಪಿನಿಂದ ಬಂದದ್ದು. ಆ ನುಡಿಗಟ್ಟನ್ನು ಮೊದಲು ಚಲಾವಣೆಗೆ ತಂದವರು ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್. 1949ರಲ್ಲಿ, ದೇಹವೆಂಬ ಯಂತ್ರದೊಳಗೆ ಮನಸ್ಸು ಬೇರೆಯಾಗಿ ಕೂತಿದೆ ಎಂಬ ಡೆಕಾರ್ಟ್‌ನ ವಿಚಾರವನ್ನು ಅಲ್ಲಗಳೆಯಲು ಅವರು ಆ ಮಾತು ಬಳಸಿದ್ದರು. ರೈಲ್ ತಳ್ಳಿಹಾಕಿದ್ದನ್ನು ಶಿರೊ ಅವರ ಪಾತ್ರಗಳು ಎದೆಗೆ ಹಚ್ಚಿಕೊಂಡಿವೆ. ಅವರ ಲೋಕದಲ್ಲಿ ಮೆದುಳನ್ನು ನೇರವಾಗಿ ಜಾಲಕ್ಕೆ ಜೋಡಿಸಬಹುದು, ಕೈಕಾಲು ಮಾತ್ರವಲ್ಲ ಇಡೀ ದೇಹವನ್ನೇ ಕಾರ್ಖಾನೆಯಲ್ಲಿ ಮಾಡಿಸಿಕೊಳ್ಳಬಹುದು. ಇಷ್ಟೆಲ್ಲ ಬದಲಾದ ಮೇಲೂ ‘ನಾನು’ ಎಂದು ಉಳಿಯುವುದಕ್ಕೆ ಅವರು ಕೊಟ್ಟ ಹೆಸರು ಘೋಸ್ಟ್. ಕನ್ನಡದಲ್ಲಿ ಅದು ದೆವ್ವವಂತೂ ಅಲ್ಲ, ಆತ್ಮ ಎಂದರೆ ತೀರಾ ದೊಡ್ಡದಾಗುತ್ತದೆ. ‘ಜೀವ’ ಸ್ವಲ್ಪ ಹತ್ತಿರ. ಆದರೆ ಆ ಲೋಕದ ಅಪರಾಧಕ್ಕೆ ನಮ್ಮಲ್ಲಿ ಸಿದ್ಧವಾದ ಪದವಿದೆ: ಪರಕಾಯ ಪ್ರವೇಶ. ಇನ್ನೊಬ್ಬರ ಮೆದುಳಿಗೆ ಕನ್ನ ಹಾಕಿ, ಅವರ ಘೋಸ್ಟನ್ನೇ ಹ್ಯಾಕ್ ಮಾಡಿ, ಅವರ ಕೈಯಿಂದ ಬೇಕಾದ್ದು ಮಾಡಿಸುವುದು. ಕುಸನಾಗಿ ಕೆಲಸ ಮಾಡುವ ‘ಸೆಕ್ಷನ್ 9’ ಎಂಬ ಪೊಲೀಸ್ ಪಡೆ ಇರುವುದೇ ಇಂಥದ್ದನ್ನು ಹಿಡಿಯಲು. ಕಾರ್ನಾಡರ ‘ಹಯವದನ’ ಓದಿದವರಿಗೆ ಈ ದಾರಿ ಅಪರಿಚಿತವಲ್ಲ. ಅಲ್ಲಿ ರುಂಡ ಮುಂಡ ಅದಲುಬದಲಾದಾಗ ತಲೆ ಯಾರದೋ ಅವನೇ ಗಂಡ ಎಂದು ಒಂದು ತೀರ್ಪಾದರೂ ಸಿಗುತ್ತದೆ. ಕುಸನಾಗಿಗೆ ಆ ಆಸರೆಯೂ ಇಲ್ಲ. ಅವಳ ತಲೆಯೂ ತಯಾರಿಸಿದ್ದೇ, ಒಳಗಿರುವ ಮೆದುಳನ್ನು ಅವಳು ಕಣ್ಣಾರೆ ಕಂಡಿಲ್ಲ.

ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣುವುದು 1995ರ ಸಿನಿಮಾದಲ್ಲಿ. ಆದ್ದರಿಂದ ಶುರು ಅಲ್ಲಿಂದಲೇ ಆಗಬೇಕು. ಒಂದೂವರೆ ಗಂಟೆಯೂ ಇಲ್ಲದ ಆ ಚಿತ್ರದಲ್ಲಿ ಒಬ್ಬ ಕಸದ ಲಾರಿಯವನಿದ್ದಾನೆ. ಹೆಂಡತಿ ಬಿಟ್ಟುಹೋಗಲು ಹೊರಟಿದ್ದಾಳೆ ಎಂದು ಕೊರಗುತ್ತ, ಅವಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಯಾರೋ ಕೊಟ್ಟ ಪ್ರೋಗ್ರಾಂ ಹಿಡಿದು, ಬೀದಿಯ ಫೋನುಗಳಿಂದ ಅವಳ ಘೋಸ್ಟ್ ಹ್ಯಾಕ್ ಮಾಡಲು ನೋಡುತ್ತಾನೆ. ಮಗಳ ಫೋಟೊ ಎಂದು ಜೊತೆಗಾರನಿಗೆ ಹೆಮ್ಮೆಯಿಂದ ತೋರಿಸುತ್ತಾನೆ. ಸಿಕ್ಕಿಬಿದ್ದ ಮೇಲೆ ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಸಾವಕಾಶವಾಗಿ ತಿಳಿಸುತ್ತಾನೆ: ನಿನಗೆ ಹೆಂಡತಿಯಿಲ್ಲ, ಮಗಳೂ ಇಲ್ಲ, ನೀನು ಒಬ್ಬನೇ ಬದುಕುತ್ತಿದ್ದವನು, ಆ ನೆನಪುಗಳನ್ನು ಯಾರೋ ನಿನ್ನೊಳಗೆ ತುಂಬಿದ್ದಾರೆ. ಕೈಯಲ್ಲಿರುವ ಫೋಟೊದಲ್ಲಿ ಮಗಳಿಲ್ಲ. ಇದನ್ನು ತೆಗೆದುಹಾಕಬಹುದೇ ಎಂದು ಅವನು ಕೇಳುತ್ತಾನೆ. ಪೂರ್ತಿ ತೆಗೆಯುವ ದಾರಿಯಿಲ್ಲ ಎಂಬ ಉತ್ತರ ಬರುತ್ತದೆ. ಇಲ್ಲದ ಮಗಳನ್ನು ಕಳೆದುಕೊಂಡ ದುಃಖ ಮಾತ್ರ ಅಪ್ಪಟ ನಿಜ. ಇದನ್ನೆಲ್ಲ ಗಾಜಿನಾಚೆಯಿಂದ ಕುಸನಾಗಿ ನೋಡುತ್ತಿದ್ದಾಳೆ. ಮುಂದಿನ ದೃಶ್ಯದಲ್ಲಿ ಅವಳು ಕೊಲ್ಲಿಯ ನೀರಿಗೆ ಇಳಿಯುತ್ತಾಳೆ. ಲೋಹದ ಭಾರದ ಆ ದೇಹ ತೇಲುವ ಸಾಧನ ಕೈಕೊಟ್ಟರೆ ಕಲ್ಲಿನಂತೆ ಮುಳುಗುತ್ತದೆ. ಅದು ಅವಳಿಗೂ ಗೊತ್ತು, ದೋಣಿಯಲ್ಲಿ ಕಾಯುವ ಜೊತೆಗಾರ ಬಾಟೊಗೂ ಗೊತ್ತು.

ಅದರ ನಂತರ ಮೂರು ನಿಮಿಷಕ್ಕೂ ಹೆಚ್ಚು ಕಾಲ ಮಾತಿಲ್ಲ. ಹಾಂಗ್‌ಕಾಂಗ್ ಮಾದರಿಯಲ್ಲಿ ಬಿಡಿಸಿದ ನಗರ, ಕಾಲುವೆ, ಮಳೆ, ಒಂದರ ಮೇಲೊಂದು ತೂಗುವ ಚೀನೀ ಲಿಪಿಯ ಬೋರ್ಡುಗಳು, ಹಿಂದೆ ಕೆಂಜಿ ಕವಾಯ್ ಅವರ ಸಂಗೀತ. ಹಳೆಯ ಜಪಾನೀ ನುಡಿಯಲ್ಲಿ ಜನಪದ ಗಾಯಕಿಯರಿಂದ ಹಾಡಿಸಿದ ಆ ದನಿ ಭವಿಷ್ಯದ ನಗರದ ಮೇಲೆ ಹಳೆಯ ಕಾಲವೊಂದನ್ನು ತಂದು ಕೂರಿಸುತ್ತದೆ. ದೋಣಿಯಲ್ಲಿ ಸಾಗುವ ಕುಸನಾಗಿ ತಲೆಯೆತ್ತಿದಾಗ ಗಾಜಿನ ಕಿಟಕಿಯ ಹಿಂದೆ ಒಬ್ಬ ಹೆಂಗಸು ಕಾಣುತ್ತಾಳೆ. ಅದೇ ಮುಖ! ಒಂದೇ ಅಚ್ಚಿನ ದೇಹ ಇನ್ನೊಬ್ಬಳಿಗೂ ಹೋಗಿದೆ, ಅಷ್ಟೆ. ‘ಸಿನಿಮಾ ನಿಧಾನ, ತತ್ತ್ವದ ಮಾತು ಜಾಸ್ತಿ, ಹೊಸಬರನ್ನು ಇಲ್ಲಿಗೆ ಕಳಿಸಿದರೆ ಓಡಿಹೋಗುತ್ತಾರೆ’ ಎನ್ನುವವರಿಗೆ ನನ್ನ ಉತ್ತರ ಈ ಮೂರು ನಿಮಿಷ. ಇಲ್ಲಿ ತತ್ತ್ವವಿಲ್ಲ, ಕಣ್ಣಿಗೆ ಕಾಣುವ ಒಂದು ಮುಖವಿದೆ. ಕಸದ ಲಾರಿಯವನ ಮುಖ ಇನ್ನೂ ಮನಸ್ಸಿನಲ್ಲಿರುವಾಗಲೇ ಇದನ್ನು ಕಂಡವರಿಗೆ ಬೇರೆ ವ್ಯಾಖ್ಯಾನ ಬೇಡ. ದೇಹವೂ ತನ್ನದಲ್ಲ, ನೆನಪೂ ತನ್ನದೆಂಬ ಖಾತ್ರಿಯಿಲ್ಲ, ಕೆಲಸ ಬಿಟ್ಟರೆ ಸರ್ಕಾರ ಕೊಟ್ಟ ಈ ದೇಹವನ್ನು ಸರ್ಕಾರಕ್ಕೇ ಒಪ್ಪಿಸಬೇಕು. ಅಂಥವಳಿಗೆ ‘ಪಪೆಟ್ ಮಾಸ್ಟರ್’ ಎದುರಾಗುತ್ತದೆ. ಮನುಷ್ಯನಾಗಿ ಹುಟ್ಟದೆ, ಜಾಲದಲ್ಲೇ ಎಚ್ಚರಗೊಂಡು, ತನ್ನನ್ನೂ ಒಂದು ಜೀವವೆಂದು ಒಪ್ಪಿಕೊಳ್ಳಿ ಎಂದು ಕೇಳುವ ಅಸ್ತಿತ್ವ ಅದು.

ಮೂಲ ಕೃತಿಯನ್ನು ಬಿಟ್ಟು ಸಿನಿಮಾದಿಂದ ಶುರುಮಾಡುವುದು ಯಾವ ನ್ಯಾಯ ಎಂಬ ಆಕ್ಷೇಪಕ್ಕೆ ತೂಕವಿದೆ. ಶಿರೊ ಅವರ ಮಾಂಗಾದಲ್ಲಿ ಕಸದ ಲಾರಿಯವನೂ ಇದ್ದಾನೆ, ಪಪೆಟ್ ಮಾಸ್ಟರೂ ಇದೆ. ಸಿನಿಮಾದಲ್ಲಿ ಇಲ್ಲದ ಎಷ್ಟೋ ಸಂಗತಿಗಳೂ ಇವೆ. ಅಲ್ಲಿನ ಕುಸನಾಗಿ ನಗುತ್ತಾಳೆ, ಮುನಿಸಿಕೊಳ್ಳುತ್ತಾಳೆ, ಮೇಲಧಿಕಾರಿ ಅರಮಾಕಿಯನ್ನು ಕೋತಿಗೆ ಹೋಲಿಸಿ ಬೈಯುತ್ತಾಳೆ. ಫುಚಿಕೊಮ ಎಂಬ ಬುದ್ಧಿಯುಳ್ಳ ಯಂತ್ರಗಳು ಮನುಷ್ಯರ ಮೇಲೆ ದಂಗೆ ಏಳಬೇಕೇ ಬೇಡವೇ ಎಂದು ತಮ್ಮತಮ್ಮಲ್ಲೇ ಚರ್ಚೆ ನಡೆಸುತ್ತವೆ. ಪುಟದ ಅಂಚಿನಲ್ಲಿ ಶಿರೊ ಸಣ್ಣ ಅಕ್ಷರಗಳಲ್ಲಿ ಟಿಪ್ಪಣಿ ಬರೆಯುತ್ತ ಹೋಗುತ್ತಾರೆ: ಬಂದೂಕಿನ ಬಗ್ಗೆ, ನರಮಂಡಲದ ಬಗ್ಗೆ, ರಾಜಕೀಯದ ಬಗ್ಗೆ. ಈ ಸಮೃದ್ಧಿಯೇ ಮೊದಲ ಓದಿಗೆ ತೊಡಕು. ಒಂದೊಂದು ಅಧ್ಯಾಯ ಒಂದೊಂದು ಪ್ರಕರಣ. ಮುಖ್ಯ ಎಳೆ ಅವುಗಳ ನಡುವೆ ಮುಳುಗಿ ಏಳುತ್ತ ಹೋಗುತ್ತದೆ. ಒಶೀ ಮತ್ತು ಚಿತ್ರಕಥೆ ಬರೆದ ಕಜುನೊರಿ ಇತೊ ಮಾಡಿದ್ದು ಆ ಎಳೆಯೊಂದನ್ನೇ ಹಿಡಿದು ಎಳೆದದ್ದು. ಸಿನಿಮಾ ನೋಡಿ ಮಾಂಗಾ ಕೈಗೆತ್ತಿಕೊಂಡವರಿಗೆ ಎಳೆ ಮೊದಲೇ ಗೊತ್ತಿರುತ್ತದೆ, ಉಳಿದದ್ದೆಲ್ಲ ಹೆಚ್ಚಿನ ಗಳಿಕೆ. ಮಾಂಗಾ ಮೊದಲು ಓದಿದವರಿಗೆ ಸಿನಿಮಾ ಬರೀ ಕತ್ತರಿಸಿದ್ದಾಗಿ ಕಾಣುವ ಅಪಾಯವಿದೆ. ಕಾಮಿಕ್ಸ್ ಓದಿ ಪಳಗಿದವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡರೆ ನನ್ನ ತಕರಾರಿಲ್ಲ. ಅವರಿಗೂ ಒಂದು ಮಾತು: ಮೊದಲ ಸಲ ಅಂಚಿನ ಟಿಪ್ಪಣಿಗಳನ್ನು ಬಿಟ್ಟು ಓದಿ, ಎರಡನೆಯ ಸಲ ಅವಕ್ಕಾಗಿಯೇ ಓದಿ. 2001ರಲ್ಲಿ ಪುಸ್ತಕವಾದ ಎರಡನೆಯ ಮಾಂಗಾ ಬಹಳ ಕ್ಲಿಷ್ಟ; ಅದು ಕೊನೆಗಿರಲಿ.

ಕಮಿಯಾಮ ಅವರ ‘ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಮೂರನೆಯ ಹೆಜ್ಜೆ. ನನ್ನ ಲೆಕ್ಕದಲ್ಲಿ ಇಡೀ ಪರಂಪರೆಯ ಅತ್ಯಂತ ತುಂಬಿದ ಕೃತಿ ಇದೇ. ಕುಸನಾಗಿ ಪಪೆಟ್ ಮಾಸ್ಟರನ್ನು ಭೇಟಿಯಾಗದೇ ಹೋಗಿದ್ದರೆ ಎಂಬ ಊಹೆಯ ಮೇಲೆ ಇದು ನಿಂತಿದೆ. ಆ ಒಂದು ಭೇಟಿಯನ್ನು ತೆಗೆದದ್ದೇ, ಪ್ರಶ್ನೆ ಒಬ್ಬಳ ಎದೆಯಿಂದ ಹೊರಬಂದು ಸಮಾಜದ ನಡುವೆ ಬಂದು ಕೂರುತ್ತದೆ. 26 ಕಂತುಗಳ ಮೊದಲ ಭಾಗದ ಪ್ರಕರಣ ಹೀಗಿದೆ: 2024ರಲ್ಲಿ ಹ್ಯಾಕರ್ ಒಬ್ಬ ಮೈಕ್ರೊಮಷಿನ್ ಕಂಪನಿಯ ಮುಖ್ಯಸ್ಥನನ್ನು ಟಿ.ವಿ. ಕ್ಯಾಮೆರಾದ ಮುಂದೆ ಬಂದೂಕು ತೋರಿಸಿ ನಿಲ್ಲಿಸಿ, ಸತ್ಯ ಹೇಳೆಂದು ಒತ್ತಾಯಿಸಿದ್ದ. ಸುತ್ತ ನಿಂತವರ ಯಾಂತ್ರಿಕ ಕಣ್ಣುಗಳಲ್ಲೂ, ಕ್ಯಾಮೆರಾಗಳಲ್ಲೂ ಅವನ ಮುಖದ ಜಾಗದಲ್ಲಿ ನಗುವ ಚಿತ್ರವೊಂದು ಮಾತ್ರ ಕಾಣುವಂತೆ ಮಾಡಿದ್ದ. ‘ಲಾಫಿಂಗ್ ಮ್ಯಾನ್’ ಎಂಬ ಆ ಹೆಸರು ಸ್ಯಾಲಿಂಜರ್ ಅವರ ಸಣ್ಣಕಥೆಯದು. ಆರು ವರ್ಷದ ಮೇಲೆ ಪ್ರಕರಣ ಮತ್ತೆ ಎದ್ದಾಗ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ತಾವೇ ಲಾಫಿಂಗ್ ಮ್ಯಾನ್ ಎಂಬಂತೆ ಎದ್ದು ನಿಲ್ಲುತ್ತಾರೆ. ಪೊಲೀಸ್ ಮುಖ್ಯಸ್ಥನ ಮೇಲೆ ಗುಂಪಿನಿಂದ ಒಬ್ಬನಲ್ಲ, ಒಬ್ಬರ ಹಿಂದೊಬ್ಬರು ಹಲವರು ನುಗ್ಗುತ್ತಾರೆ. ಅವರಿಗೆ ಆಜ್ಞೆ ಕೊಟ್ಟವರು ಯಾರೂ ಇಲ್ಲ. ಬಿಡಿಬಿಡಿಯಾಗಿ ನಿಂತ ಜನ ಒಟ್ಟಾಗಿ ಒಂದೇ ರೀತಿ ನಡೆದುಕೊಳ್ಳುವುದು, ಮೂಲವೇ ಇಲ್ಲದ ನಕಲುಗಳು ಹುಟ್ಟುವುದು. ಸರಣಿಯ ಹೆಸರು ಹೇಳುವುದು ಇದನ್ನೇ. ಫೇಸ್‌ಬುಕ್ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ಟ್ವಿಟರ್‌ಗೆ ನಾಲ್ಕು ವರ್ಷ ಮೊದಲು ಬಂದ ಕಲ್ಪನೆ ಇದು. ನನ್ನ ನೆನಪು ನನ್ನದೇನಾ ಎಂದು ಒಶೀ ಕೇಳಿಸಿದರೆ, ನನ್ನ ಸಿಟ್ಟು ನನ್ನದೇನಾ ಎಂದು ಕಮಿಯಾಮ ಕೇಳಿಸುತ್ತಾರೆ.

ಈ ಸರಣಿಯ ಕಂತುಗಳಲ್ಲಿ ಕೆಲವಕ್ಕೆ ‘ಸ್ಟ್ಯಾಂಡ್ ಅಲೋನ್’ ಎಂದೂ, ಮುಖ್ಯ ಕಥೆಯವಕ್ಕೆ ‘ಕಾಂಪ್ಲೆಕ್ಸ್’ ಎಂದೂ ಗುರುತಿದೆ. ಮುಖ್ಯ ಕಥೆಯವನ್ನು ಮಾತ್ರ ನೋಡಿದರೆ ಸಾಕು, ಅಥವಾ ಅವನ್ನು ಸೇರಿಸಿ 2005ರಲ್ಲಿ ಮಾಡಿದ ಸಂಕಲನ ಚಿತ್ರ ನೋಡಿದರೆ ಸಾಕು ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಅದನ್ನು ಖಂಡಿತ ಪಾಲಿಸಬೇಡಿ. ಆ ಬಿಡಿ ಕಂತುಗಳಲ್ಲೇ ತಾಚಿಕೊಮಗಳು ಬೆಳೆಯುವುದು. ತಾಚಿಕೊಮ ಎಂದರೆ ಜೇಡದಂತೆ ಓಡಾಡುವ, ಮಕ್ಕಳ ದನಿಯಲ್ಲಿ ಮಾತಾಡುವ ನೀಲಿ ಯುದ್ಧಯಂತ್ರಗಳು. ಎಲ್ಲವೂ ಒಂದೇ ಮಾದರಿ. ಒಂದು ಕಲಿತದ್ದು ಎಲ್ಲಕ್ಕೂ ಸೇರಲಿ ಎಂದು ಅವುಗಳ ನೆನಪನ್ನು ಆಗಾಗ ಒಟ್ಟುಗೂಡಿಸಿ ಸಮ ಮಾಡುತ್ತಾರೆ. ಆ ಲೆಕ್ಕದಲ್ಲಿ ಅವುಗಳ ನಡುವೆ ವ್ಯತ್ಯಾಸವೇ ಇರಬಾರದು. ಆದರೆ ಬಾಟೊ ತನಗೆ ಮೆಚ್ಚಿನ ಒಂದಕ್ಕೆ ನೈಸರ್ಗಿಕ ಎಣ್ಣೆ ಹಾಕುತ್ತಾನೆ, ಬೇರೆಯವಕ್ಕೆ ಇಲ್ಲ. ಪ್ರೀತಿಗೆ ಮಾಡಿದ ಆ ಸಣ್ಣ ಪಕ್ಷಪಾತ ಮುಂದೆ ದೊಡ್ಡ ಪ್ರಶ್ನೆಯಾಗುತ್ತದೆ. ಹನ್ನೆರಡನೆಯ ಕಂತಿನಲ್ಲಿ ಒಂದು ತಾಚಿಕೊಮ ಅಪ್ಪಣೆಯಿಲ್ಲದೆ ಊರಿಗೆ ಹೊರಟು, ಕಳೆದುಹೋದ ನಾಯಿಯನ್ನು ಹುಡುಕುವ ಪುಟ್ಟ ಹುಡುಗಿಯ ಜೊತೆಯಾಗಿ, ಸಾವು ಎಂದರೇನು ಎಂಬುದರ ಹತ್ತಿರಕ್ಕೆ ಹೋಗಿ ಬರುತ್ತದೆ. ಹದಿನೈದನೆಯ ಕಂತಿನಲ್ಲಿ ಅವುಗಳಿಗೆ ಗೊತ್ತಾಗುತ್ತದೆ: ತಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ ಬಂದಿದೆ, ಕುಸನಾಗಿ ಅದನ್ನು ಗಮನಿಸಿದ್ದಾಳೆ, ಶಸ್ತ್ರವಾಗಿ ತಾವಿನ್ನು ನಂಬಿಕೆಗೆ ಅರ್ಹವಲ್ಲವೆಂದು ವಾಪಸ್ ಕಳಿಸಬಹುದು. ಆಗ ಅವು ಬದುಕುಳಿಯಲು, ಏನೂ ಅರಿಯದ ಯಂತ್ರಗಳಂತೆ ನಟಿಸಲು ನೋಡುತ್ತವೆ. ತನ್ನೊಳಗಿನ ಘೋಸ್ಟ್ ಕಳೆದೀತೆಂದು ಹೆದರುವ ಹೆಣ್ಣು, ಘೋಸ್ಟ್ ಹುಟ್ಟಿಬಿಟ್ಟಿತೇನೋ ಎಂದು ಹೆದರುವ ಯಂತ್ರಗಳ ಮೇಲೆ ತೀರ್ಪು ಕೊಡಬೇಕಾಗಿದೆ. 1995ರ ಸಿನಿಮಾದಲ್ಲಿ ತಾಚಿಕೊಮವೂ ಇಲ್ಲ, ಫುಚಿಕೊಮವೂ ಇಲ್ಲ. ಒಶೀ ಆ ಕಡೆ ಹೋಗಲೇ ಇಲ್ಲ. ಸಂಕಲನ ಚಿತ್ರ ನೋಡಿ ಮುಗಿಸಿದವರು ಬಿಟ್ಟುಕೊಡುವುದು ಇದನ್ನು.

ಇದಾದ ಮೇಲೆ 2004ರಲ್ಲಿ ಶುರುವಾದ ಎರಡನೆಯ ಭಾಗ ‘ಸೆಕೆಂಡ್ ಗಿಗ್’ ನೋಡಬಹುದು. ನಿರಾಶ್ರಿತರು, ಅವರನ್ನು ಅಗ್ಗದ ದುಡಿಮೆಗೆ ಕರೆತಂದು ಆಮೇಲೆ ಹೊರೆಯೆನ್ನುವ ರಾಜಕೀಯ ಅದರ ವಸ್ತು. ‘ಇನೊಸೆನ್ಸ್’ ಮಾತ್ರ 1995ರ ಸಿನಿಮಾದ ನಿಜವಾದ ಮುಂದುವರಿಕೆ. ಮಾಂಗಾದ ಒಂದೇ ಅಧ್ಯಾಯದಿಂದ ಬೆಳೆಸಿದ ಚಿತ್ರ. ಕುಸನಾಗಿ ಹೆಚ್ಚುಕಡಿಮೆ ಇಲ್ಲ, ಅವಳಿಲ್ಲದ ಲೋಕದಲ್ಲಿ ತನ್ನ ಬ್ಯಾಸೆಟ್ ನಾಯಿಯೊಂದಿಗೆ ಬದುಕುವ ಬಾಟೊ ಇದ್ದಾನೆ. 2004ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗಕ್ಕೆ ಹೋಗಿದ್ದ ಈ ಚಿತ್ರ ಮಾತಿನಲ್ಲಿ ಭಾರ, ನೋಟದಲ್ಲಿ ಅದ್ಭುತ. ಮೊದಲನೆಯದನ್ನು ಇಷ್ಟಪಟ್ಟವರು ಸಮಯ ಕೊಟ್ಟು ನೋಡಬೇಕು.

ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಒಂದಕ್ಕಿಂತ ಹೆಚ್ಚು ನೋಡುವ ಅಗತ್ಯವೇನು ಎಂದು ಕೇಳಬಹುದು. ಉತ್ತರ 1995ರ ಸಿನಿಮಾದೊಳಗೇ ಇದೆ. ತಂಡದಲ್ಲಿ ಹೆಚ್ಚುಕಡಿಮೆ ಪೂರ್ತಿ ಮನುಷ್ಯದೇಹವೇ ಇರುವ, ಹೆಂಡತಿ ಮಕ್ಕಳಿರುವ ತೊಗುಸ ಎಂಬ ಪತ್ತೇದಾರನಿದ್ದಾನೆ. ನನ್ನಂಥವನನ್ನು ಈ ಪಡೆಗೆ ಏಕೆ ತಂದಿರಿ ಎಂದು ಅವನು ಕೇಳುತ್ತಾನೆ. ಎಲ್ಲರೂ ಒಂದೇ ಬಗೆಯಾದರೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ, ಅಂಥ ವ್ಯವಸ್ಥೆಯ ಗತಿ ಸಾವು ಎಂಬ ಅರ್ಥದ ಮಾತು ಕುಸನಾಗಿಯಿಂದ ಬರುತ್ತದೆ. ಶಿರೊ ಕಂಡದ್ದು ಒಶೀಗೆ ಬೇಕಿರಲಿಲ್ಲ, ಒಶೀ ಬಿಟ್ಟದ್ದನ್ನು ಕಮಿಯಾಮ ಎತ್ತಿಕೊಂಡರು. ಪರಂಪರೆ ಇಷ್ಟು ಕಾಲ ಉಸಿರಾಡಿದ್ದು ಅದರಿಂದ. ಇವನ್ನೆಲ್ಲ ನಿಜಕ್ಕೂ ಜೋಡಿಸುವ ದಾರ ಯಾವುದಾದರೂ ಇದ್ದರೆ ಅದು ದನಿ. ಒಶೀ ಅವರ ಚಿತ್ರಗಳಲ್ಲೂ ಕಮಿಯಾಮ ಅವರ ಸರಣಿಯಲ್ಲೂ ಕುಸನಾಗಿಗೆ ಕಂಠ ಕೊಟ್ಟವರು 2024ರಲ್ಲಿ ತೀರಿಕೊಂಡ ಅತ್ಸುಕೊ ತನಾಕ. ‘ಅರೈಸ್’ನಲ್ಲಿ ಆ ಸ್ಥಾನಕ್ಕೆ ಬಂದ ಮಾಯಾ ಸಕಮೊತೊ, 1995ರ ಸಿನಿಮಾದ ಕೊನೆಯಲ್ಲಿ ಎಳೆಯ ದೇಹದ ಕುಸನಾಗಿಯಾಗಿ ಮಾತಾಡಿದ್ದವರು. ಈ ಕಾರಣಕ್ಕಾದರೂ ಜಪಾನೀ ಧ್ವನಿಯಲ್ಲೇ, ಸಬ್‌ಟೈಟಲ್ ಇಟ್ಟುಕೊಂಡು ನೋಡುವುದು ಒಳ್ಳೆಯದು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2008ರಲ್ಲಿ ಮೊದಲ ಸಿನಿಮಾಕ್ಕೇ ಕಂಪ್ಯೂಟರ್ ಚಿತ್ರಣ ಸೇರಿಸಿ ಬಣ್ಣ ಬದಲಿಸಿದ ‘2.0’ ಇದೆ, ಮೊದಲ ಸಲ ನೋಡುವವರು ತಪ್ಪಿಯೂ ಅದನ್ನು ಆರಿಸಬಾರದು. ‘ಅರೈಸ್’ ಕುಸನಾಗಿಯ ಆರಂಭದ ದಿನಗಳನ್ನು ಹೇಳುತ್ತದೆ. ಹೆಸರು ಕೇಳಿ ಅದನ್ನೇ ಮೊದಲು ನೋಡಿದವರಿಗೆ, ಮುಂದೆ ಅವಳು ಏನಾಗುತ್ತಾಳೆಂದು ತಿಳಿಯದೆ, ಆರಂಭದ ರುಚಿಯೇ ಹತ್ತುವುದಿಲ್ಲ. 2017ರ ಹಾಲಿವುಡ್ ಚಿತ್ರ ಸುಲಭ, ಪರಿಚಯಕ್ಕೆ ಸಾಕು ಎನ್ನುವವರಿದ್ದಾರೆ. ನನ್ನ ವಿರೋಧ ಇರುವುದು ಇಲ್ಲೇ. ಆ ಚಿತ್ರದಲ್ಲಿ ನಾಯಕಿಯಿಂದ ಹಿಂದಿನ ಬದುಕನ್ನು ಕಂಪನಿಯೊಂದು ಕದ್ದಿರುತ್ತದೆ, ಅವಳು ಅದನ್ನು ಹುಡುಕಿ ಪಡೆಯುತ್ತಾಳೆ. ಅಂದರೆ ‘ನಾನು ಯಾರು’ ಎಂಬುದಕ್ಕೆ ಒಂದು ಹೆಸರು, ಒಬ್ಬ ತಾಯಿ, ಒಂದು ಮನೆ ಎಂಬ ಉತ್ತರ ಸಿಗುತ್ತದೆ. ಉತ್ತರ ಸಿಕ್ಕಿದ್ದೇ ಪ್ರಶ್ನೆ ಮುಗಿಯುತ್ತದೆ. ಕಸದ ಲಾರಿಯವನು ಅಲ್ಲೂ ಇದ್ದಾನೆ, ಇಲ್ಲದ ಮಗಳ ನೆನಪು ಅಲ್ಲೂ ಇದೆ. ಆದರೆ ಅವನ ದುಃಖ ಅಪರಾಧಿಯನ್ನು ಪತ್ತೆಹಚ್ಚುವ ಸುಳಿವಾಗಿ ಬಳಕೆಯಾಗಿ ಸರಿದುಹೋಗುತ್ತದೆ. ಒಶೀ ಆ ಮುಖದ ಮೇಲೆ ನಿಂತರು. ನಿಂತದ್ದರಿಂದಲೇ ಕುಸನಾಗಿ ನೀರಿಗಿಳಿದದ್ದು ನಮಗೆ ಅರ್ಥವಾಗುತ್ತದೆ.

ಈಗ ಇದೆಲ್ಲ ಹಳತಾಗಿಲ್ಲವೇ ಎಂಬ ಮಾತೂ ಬರುತ್ತದೆ. ಮಾಂಗಾ ಶುರುವಾದ 1989ರಲ್ಲೇ ಟಿಮ್ ಬರ್ನರ್ಸ್-ಲೀ ವೆಬ್‌ನ ಪ್ರಸ್ತಾವ ಬರೆದಿದ್ದರು. ಜಾಲವೆಂದರೆ ಏನೆಂದು ಜನಕ್ಕೆ ಇನ್ನೂ ಗೊತ್ತಿರದ ಕಾಲ. ಬೀದಿಯ ಫೋನು, ದಪ್ಪ ಕೇಬಲ್ಲು, ಕತ್ತಿನ ಹಿಂದಿನ ಪ್ಲಗ್ಗು ಇವೆಲ್ಲ ಹಳತಾಗಿರುವುದು ನಿಜ. ಆದರೆ ಮಾತಾಡುವ ಯಂತ್ರದ ಮುಂದೆ ಕೂತು, ಇದರೊಳಗೆ ಯಾರಾದರೂ ಇದ್ದಾರೆಯೇ ಎಂದು ಜನ ನಿಜವಾಗಿ ಕೇಳುತ್ತಿರುವುದು ಈಗ. ಯಾರೋ ತಯಾರಿಸಿದ ಫೋಟೊ ನೋಡಿ, ನಡೆಯದೇ ಇದ್ದ ಘಟನೆಗೆ ನಿಜವಾದ ಕಣ್ಣೀರು ಹಾಕುತ್ತಿರುವುದೂ ಈಗಲೇ. ಸೈನ್ಸ್ ಸಾರು ಸ್ಟುಡಿಯೊ 2026ಕ್ಕೆ ಹೊಸ ಟಿ.ವಿ. ಸರಣಿಯನ್ನು ಘೋಷಿಸಿದೆ. ಅದನ್ನು ನೋಡುವಾಗ ಇದು ಯಾವುದರ ಮುಂದುವರಿಕೆ, ಯಾವ ಇಸವಿಯ ಕಥೆ ಎಂದು ಹುಡುಕುವುದನ್ನು ಬಿಟ್ಟು, ಆ ಕಸದ ಲಾರಿ ಬರುತ್ತದೆಯೇ ಎಂದು ಕಾಯಿರಿ. ಬಂದರೆ, ವಿಚಾರಣೆಯ ಕೋಣೆಯಲ್ಲಿ ಫೋಟೊ ಹಿಡಿದು ಕೂತವನ ಎದುರು ಹೊಸ ನಿರ್ದೇಶಕರು ಎಷ್ಟು ಹೊತ್ತು ನಿಲ್ಲುತ್ತಾರೆ, ಗಾಜಿನಾಚೆ ಯಾರನ್ನು ನಿಲ್ಲಿಸುತ್ತಾರೆ ಎಂದು ನೋಡಿ.